ಬಾಯಿ ಕಟ್ಟುವ ಬರೋಲೊ: ಒಗರಿನ ವೈನ್ ಒಲಿಯುವುದು ಹೇಗೆ?

ಪ್ರಶ್ನೆ: ನಾನು, ನನ್ನ ಹೆಂಡತಿ ಎರಡು ವರ್ಷದಿಂದ ಇಟಲಿಯ ಟ್ಯುರಿನ್‌ನಲ್ಲಿದ್ದೇವೆ. ಬೆಂಗಳೂರಿನಲ್ಲಿದ್ದಾಗ ಆಗೀಗ ಕೆಂಪು ವೈನ್ ಕುಡಿಯುತ್ತಿದ್ದೆವು, ಇಷ್ಟವೂ ಆಗುತ್ತಿತ್ತು. ಈಚೆಗೆ ಹೊಸ ಮನೆಗೆ ಬಂದಾಗ ಸಹೋದ್ಯೋಗಿಯೊಬ್ಬರು ಎರಡು ಬಾಟಲಿ ಬರೋಲೊ ಕೊಟ್ಟರು. 2019ರದ್ದು. ಲೇಬಲ್ ಮೇಲೆ ಸೆರ್ರಾಲುಂಗಾ ದಾಲ್ಬಾ ಎಂದಿದೆ. ಜುಲೈನ ಒಂದು ಶನಿವಾರ ಗೆಳೆಯರನ್ನು ಕರೆದು, ಪಲಾವ್, ಮೆಣಸಿನಕಾಯಿ ಬಜ್ಜಿ ಮಾಡಿ ಒಂದನ್ನು ತೆರೆದೆವು. ಬಣ್ಣ ತೆಳು. ಬಾಯಿಗಿಟ್ಟರೆ ಹುಳಿ, ಕಹಿ, ನಾಲಿಗೆಯೇ ಅಂಟಿಕೊಂಡ ಹಾಗೆ. ಯಾರೂ ಎರಡನೇ ಸಲ ಕೇಳಲಿಲ್ಲ. ಇಷ್ಟು ಹೊಗಳುವ ವೈನ್‌ನಲ್ಲಿ ನಮಗೆ ಕಾಣದ್ದು ಏನಿದೆ? ಇದನ್ನು ಮೆಚ್ಚಲು ಕಲಿಯಬಹುದಾ? ಉಳಿದ ಬಾಟಲಿಯನ್ನು ಏನು ಮಾಡಲಿ? ನಾವು ಮೊಟ್ಟೆ, ಚೀಸ್ ತಿನ್ನುತ್ತೇವೆ. ಮಾಂಸ ಇಲ್ಲ.

ಉತ್ತರ: ನಿಮ್ಮ ನಾಲಿಗೆ ಸರಿಯಾಗಿಯೇ ಹೇಳಿದೆ. ಹುಳಿ, ಅಂಟು, ತೆಳು ಬಣ್ಣ ಮೂರೂ ಆ ಬಾಟಲಿಯಲ್ಲಿ ನಿಜವಾಗಿ ಇದ್ದವು. ಬರೋಲೊ ಎಂದರೆ ಪ್ರಾಣ ಬಿಡುವವರ ಬಾಯಿಗೂ ಅದು ಹಾಗೇ ಸಿಗುತ್ತದೆ. ನಿಮ್ಮ ಪತ್ರದಲ್ಲಿ ಒಂದು ಪದವನ್ನು ಮಾತ್ರ ತಿದ್ದುತ್ತೇನೆ. ನೀವು ಕಹಿ ಎಂದು ಬರೆದಿದ್ದೀರಿ. ಅದು ಬಹುಪಾಲು ಒಗರು.

ನನ್ನ ಉತ್ತರವೆಲ್ಲ ಈ ಒಂದು ಪದದ ಮೇಲೆ ನಿಂತಿದೆ. ಕನ್ನಡದ ಮನೆಯಲ್ಲಿ ಬೆಳೆದವರಿಗೆ ಕಹಿ ಬೇರೆ, ಒಗರು ಬೇರೆ ಎಂದು ಹೇಳಿಕೊಡಬೇಕಿಲ್ಲ. ಹಾಗಲಕಾಯಿ ಕಹಿ. ನೆಲ್ಲಿಕಾಯಿ, ನೇರಳೆ ಹಣ್ಣು, ಎಳೆ ಬಾಳೆಕಾಯಿ, ಹಸಿ ಅಡಿಕೆ ಒಗರು. ಕಹಿಯನ್ನು ನಾಲಿಗೆ ರುಚಿಯಾಗಿ ಹಿಡಿಯುತ್ತದೆ. ಒಗರು ಬಾಯಿಗೆಲ್ಲ ತಾಗುತ್ತದೆ. ಒಸಡು ಒಣಗುತ್ತದೆ, ಕೆನ್ನೆಯ ಒಳಭಾಗ ಹಲ್ಲಿಗೆ ಹತ್ತಿಕೊಳ್ಳುತ್ತದೆ. ನಾನು ಸಾಗರದ ಕಡೆಯವನು. ಅಡಿಕೆ ಬೇಯಿಸುವ ದಿನಗಳಲ್ಲಿ ಹಂಡೆಯಲ್ಲಿರುವ ಕೆಂಪು ಚೊಗರಿಗೆ ಬೆರಳದ್ದಿ ನೆಕ್ಕುವುದು ನಮಗೆ ಮಕ್ಕಳಿಗೆ ಒಂದು ಪಂದ್ಯ. ಯಾರು ಮುಖ ಕಿವುಚುವುದಿಲ್ಲವೋ ಅವರು ಗೆದ್ದ ಹಾಗೆ. ಆ ಚೊಗರಿನಲ್ಲಿರುವುದು ಟ್ಯಾನಿನ್ ಎಂಬ ಒಗರಿನ ಅಂಶ. ನಿಮ್ಮ ಬಾಟಲಿಯಲ್ಲಿದ್ದದ್ದೂ ಅದೇ ಕುಲದ ಟ್ಯಾನಿನ್.

ನೆಲ್ಲಿಕಾಯಿ ತಿಂದು ಮೇಲೆ ನೀರು ಕುಡಿದರೆ ಸಿಹಿ ಹತ್ತುತ್ತದಲ್ಲ, ಅದಕ್ಕಾಗಿ ನಾವು ಮೊದಲ ಒಗರನ್ನು ಸಹಿಸುತ್ತೇವೆ. ಊಟದ ಮೇಲೆ ಎಲೆ ಅಡಿಕೆ ಹಾಕುವವರು ಒಗರನ್ನು ಸುಣ್ಣದ ಜೊತೆ, ಎಲೆಯ ಜೊತೆ ಹೊಂದಿಸಿಕೊಳ್ಳುತ್ತಾರೆ. ಅಂದರೆ ಒಗರನ್ನು ಒಂಟಿಯಾಗಿ ಬಾಯಿಗೆ ಹಾಕಬಾರದು, ಅದಕ್ಕೊಂದು ಜೊತೆ ಬೇಕು ಎನ್ನುವುದು ನಮಗೆ ಮೊದಲೇ ಗೊತ್ತು. ಬರೋಲೊಗೂ ಇದೇ ಮಾತು. ಅದಕ್ಕೆ ಎರಡು ಜೊತೆ ಬೇಕು. ಒಂದು ಊಟ, ಇನ್ನೊಂದು ಸಮಯ.

ಊಟ ಯಾಕೆ ಎನ್ನುವುದನ್ನು ಮನೆಯಲ್ಲೇ ನೋಡಬಹುದು, ವೈನೂ ಬೇಡ. ಒಂದು ಚಮಚ ಚಹಾಪುಡಿಯನ್ನು ಒಂದು ಲೋಟ ನೀರಿನಲ್ಲಿ ಹತ್ತು ನಿಮಿಷ ಕುದಿಸಿ. ಹಾಲು, ಸಕ್ಕರೆ ಹಾಕಬೇಡಿ. ಆರಿದ ಮೇಲೆ ಒಂದು ಗುಟುಕು ಕುಡಿಯಿರಿ. ನಾಲಿಗೆಯನ್ನು ಹಲ್ಲಿನ ಹಿಂಭಾಗಕ್ಕೆ ಉಜ್ಜಿ ನೋಡಿ, ತರಿತರಿ ಎನ್ನುತ್ತದೆ. ನಮ್ಮ ಜೊಲ್ಲಿನಲ್ಲಿ ಬಾಯನ್ನು ನುಣುಪಾಗಿಡುವ ಪ್ರೋಟೀನುಗಳಿವೆ. ಟ್ಯಾನಿನ್ ಅವಕ್ಕೆ ಅಂಟಿಕೊಂಡು ಅವನ್ನು ಗಟ್ಟಿ ಮಾಡುತ್ತದೆ. ನುಣುಪು ಹೋಗುತ್ತದೆ, ಒಣಗಿದಂತೆ ಆಗುತ್ತದೆ. ಈಗ ಒಂದು ತುಂಡು ಚೀಸ್ ಚೆನ್ನಾಗಿ ಅಗಿದು, ಅದು ಬಾಯಲ್ಲಿ ಇರುವಾಗಲೇ ಮತ್ತೆ ಅದೇ ಚಹಾ ಕುಡಿಯಿರಿ. ಒಗರು ಅರ್ಧಕ್ಕೆ ಇಳಿದಿರುತ್ತದೆ. ಟ್ಯಾನಿನ್‌ಗೆ ಅಂಟಿಕೊಳ್ಳಲು ಬೇರೆ ಪ್ರೋಟೀನ್ ಸಿಕ್ಕಿತು, ನಿಮ್ಮ ಬಾಯಿ ಬಚಾವಾಯಿತು. ಚಹಾಗೆ ಹಾಲು ಹಾಕಿದಾಗ ಆಗುವುದೂ ಇದೇ.

ಈ ಪ್ರಯೋಗವನ್ನು ನೀವಿಬ್ಬರೂ ನಿಜವಾಗಿ ಮಾಡಬೇಕು ಅಂತ ನನ್ನ ಆಸೆ. ಅರ್ಧ ಗಂಟೆಯ ಕೆಲಸ. ಓದಿ ತಿಳಿಯುವುದಕ್ಕೂ ಬಾಯಲ್ಲಿ ತಿಳಿಯುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇನ್ನು ದ್ರಾಕ್ಷಿಯ ವಿಷಯ. ಬರೋಲೊ ಎನ್ನುವುದು ಊರಿನ ಹೆಸರು, ಆ ಊರಿನ ಸುತ್ತಮುತ್ತ ಮಾಡುವ ವೈನಿನ ಹೆಸರು. ದ್ರಾಕ್ಷಿಯ ಹೆಸರು ನೆಬ್ಯೋಲೊ. ಬರೋಲೊದಲ್ಲಿ ಬೇರೆ ದ್ರಾಕ್ಷಿ ಬೆರೆಸುವ ಹಾಗಿಲ್ಲ. ಈ ದ್ರಾಕ್ಷಿಯ ತೀರಾ ಹಳೆಯ ದಾಖಲೆಗಳಲ್ಲಿ ಒಂದು 13ನೇ ಶತಮಾನದ್ದು, ಅದೂ ನಿಮ್ಮ ಟ್ಯುರಿನ್ ಪಕ್ಕದ ರಿವೋಲಿಯಿಂದ. ಇಟಲಿಯಲ್ಲಿ ನೆಬ್ಯಾ ಎಂದರೆ ಮಂಜು. ಹೆಸರು ಅದರಿಂದಲೇ ಬಂತು ಎಂದು ಹೆಚ್ಚಿನವರು ಹೇಳುತ್ತಾರೆ. ಅಕ್ಟೋಬರ್‌ನಲ್ಲಿ ಕೊಯ್ಲಿನ ಹೊತ್ತಿಗೆ ಬೆಳಗ್ಗೆ ಗುಡ್ಡದ ಮೇಲೆ ನಿಂತರೆ ಕೆಳಗಿನ ಕಣಿವೆಗಳೆಲ್ಲ ಹಾಲು ತುಂಬಿದ ಹಾಗೆ ಕಾಣುತ್ತವೆ. ಅದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನೆಬ್ಯೋಲೊ ಬಹಳ ಹಟದ ಬಳ್ಳಿ. ಬೇಗ ಚಿಗುರುತ್ತದೆ, ಹಾಗಾಗಿ ವಸಂತದ ಹಿಮಕ್ಕೆ ಸಿಕ್ಕಿಬೀಳುತ್ತದೆ. ತಡವಾಗಿ ಹಣ್ಣಾಗುತ್ತದೆ, ಹಾಗಾಗಿ ಶರತ್ಕಾಲದ ಮಳೆಗೂ ಸಿಕ್ಕಿಬೀಳುತ್ತದೆ. ಒಳ್ಳೆಯ ಬಿಸಿಲಿನ ಇಳಿಜಾರು ಇಲ್ಲದಿದ್ದರೆ ಪೂರ್ತಿ ಹಣ್ಣಾಗುವುದೇ ಇಲ್ಲ. ಚಳಿಗಾಲದಲ್ಲಿ ಎಲ್ಲಿ ಹಿಮ ಮೊದಲು ಕರಗುತ್ತದೋ ಅಲ್ಲಿ ನೆಬ್ಯೋಲೊ ನೆಡು ಎನ್ನುವುದು ಅಲ್ಲಿನ ರೈತರ ಹಳೆಯ ಲೆಕ್ಕ. ಉಳಿದ ಜಾಗಕ್ಕೆ ಬಾರ್ಬೆರಾ ದ್ರಾಕ್ಷಿ, ತಂಪು ಜಾಗಕ್ಕೆ ದೋಲ್ಚೆತ್ತೊ ದ್ರಾಕ್ಷಿ. ಟ್ಯುರಿನ್, ಬರೋಲೊ ಎರಡೂ ಇರುವ ಪಿಯೆಮೊಂತೆ ಪ್ರಾಂತ ಬಿಟ್ಟು ಹೊರಗೆ ನೆಬ್ಯೋಲೊ ಅಷ್ಟಾಗಿ ಒಗ್ಗಿಲ್ಲ. ಉತ್ತರದ ವಾಲ್ತೆಲ್ಲೀನಾ ಕಣಿವೆಯಂಥ ಕೆಲವು ಕಡೆ ಮಾತ್ರ ಅದಕ್ಕೆ ಹೆಸರಿದೆ.

ನಿಮ್ಮನ್ನು ಮೋಸಗೊಳಿಸಿದ್ದು ಅದರ ಬಣ್ಣ. ಸಾಮಾನ್ಯವಾಗಿ ಕಪ್ಪುಕೆಂಪು ವೈನ್ ಎಂದರೆ ಗಟ್ಟಿ, ತೆಳುಕೆಂಪು ಎಂದರೆ ಹಗುರ ಎಂದು ನಾವು ಅಂದುಕೊಳ್ಳುತ್ತೇವೆ. ನೆಬ್ಯೋಲೊದಲ್ಲಿ ಬಣ್ಣದ ಅಂಶ ಕಡಿಮೆ. ಇರುವ ಬಣ್ಣವೂ ಗಾಳಿ ತಾಗಿದರೆ ಬೇಗ ಮಾಸುವ ಬಗೆಯದು. ಆದರೆ ಸಿಪ್ಪೆಯಲ್ಲಿ, ಬೀಜದಲ್ಲಿ ಟ್ಯಾನಿನ್ ಮಾತ್ರ ರಾಶಿ. ಹುಳಿಯೂ ಜಾಸ್ತಿ. ಆಲ್ಕೋಹಾಲ್ 14, 14.5 ಶೇಕಡಾ ಇರುವುದು ಮಾಮೂಲು. ನೋಡಲು ಬಡಕಲು, ಹಿಡಿತ ಪೈಲ್ವಾನನದ್ದು. ಆ ತೆಳು ಬಣ್ಣವನ್ನು ಬಿಳಿ ಬಟ್ಟೆಯ ಮೇಲೆ ಗ್ಲಾಸ್ ವಾಲಿಸಿ ಒಮ್ಮೆ ನೋಡಿ. ನಡುವೆ ದಾಳಿಂಬೆ, ಅಂಚಿನಲ್ಲಿ ಇಟ್ಟಿಗೆ ಬಣ್ಣ. ನನಗೆ ವೈನುಗಳಲ್ಲೇ ಚೆಂದದ ಬಣ್ಣ ಇದು.

ನಿಮ್ಮ ಲೇಬಲ್‌ನಲ್ಲಿದ್ದ ಸೆರ್ರಾಲುಂಗಾ ದಾಲ್ಬಾ ಎಂಬ ಹೆಸರು ಮುಖ್ಯ. ಬರೋಲೊ ಮಾಡುವ ಊರುಗಳು 11. ಎಲ್ಲವೂ ಆಲ್ಬಾ ಪಟ್ಟಣದ ಹತ್ತಿರ, ಲಾಂಗೆ ಎಂಬ ಗುಡ್ಡಗಳ ಸಾಲಿನಲ್ಲಿವೆ. ಪಶ್ಚಿಮಕ್ಕೆ ಲಾ ಮೊರ್ರಾ ಮತ್ತು ಬರೋಲೊ ಊರು. ಅಲ್ಲಿ ಜೇಡಿ, ಸುಣ್ಣ ಬೆರೆತ ನೀಲಿಬೂದು ಮಣ್ಣು, ಸ್ವಲ್ಪ ಫಲವತ್ತು. ಅಲ್ಲಿನ ವೈನಿಗೆ ಪರಿಮಳ ಮುಂದು, ಬೇಗ ಸಡಿಲವಾಗುತ್ತದೆ. ಪೂರ್ವಕ್ಕೆ ಸೆರ್ರಾಲುಂಗಾ, ದಕ್ಷಿಣಕ್ಕೆ ಮೊನ್‌ಫೋರ್ತೆ. ಅಲ್ಲಿನ ಮಣ್ಣು ಇನ್ನೂ ಹಳೆಯದು, ಮರಳುಗಲ್ಲು ಜಾಸ್ತಿ, ಸಾರ ಕಡಿಮೆ. ಅಲ್ಲಿನ ವೈನ್ ಬಿಗಿ, ಒಗರು ಹೆಚ್ಚು, ಕಾಯಬೇಕಾದ ಕಾಲವೂ ಹೆಚ್ಚು. ನಡುವೆ ಇರುವ ಕಾಸ್ತಿಲ್ಯೋನೆ ಫಲ್ಲೆತ್ತೊದಲ್ಲಿ ಎರಡರ ಗುಣವೂ ಸಿಗುತ್ತದೆ. ಇದು ಸ್ಥೂಲವಾದ ಲೆಕ್ಕ. ಒಂದೇ ಊರಿನ ಎರಡು ಇಳಿಜಾರುಗಳ ನಡುವೆಯೂ ವ್ಯತ್ಯಾಸ ಇರುತ್ತದೆ. ಅದಕ್ಕೇ 2010ರಿಂದ ಲೇಬಲ್ ಮೇಲೆ ಹಾಕಬಹುದಾದ 181 ಜಾಗಗಳ ಹೆಸರುಗಳನ್ನು ಅಧಿಕೃತವಾಗಿ ಗುರುತು ಮಾಡಿದ್ದಾರೆ. ಕನ್ನೂಬಿ, ಬ್ರುನಾತೆ, ಬುಸ್ಸಿಯಾ, ವಿಲ್ಲೆರೊ, ಮೊನ್‌ವಿಲ್ಯೇರೊ ಹೀಗೆ. ಈಗಲೇ ಇವನ್ನೆಲ್ಲ ನೆನಪಿಟ್ಟುಕೊಳ್ಳಲು ಹೋಗಬೇಡಿ. ಲಾ ಮೊರ್ರಾ ಅಂದರೆ ಮೆದು, ಸೆರ್ರಾಲುಂಗಾ ಅಂದರೆ ಬಿಗಿ, ಇಷ್ಟು ಸಾಕು.

ನಿಮಗೆ ಸಿಕ್ಕಿದ್ದು ಬಿಗಿಯಾದ ಊರಿನದ್ದು. ಮೇಲಾಗಿ 2019. ಆ ವರ್ಷದ ಬರೋಲೊಗಳು ಹಳೆಯ ಕಾಲದ ಗಟ್ಟಿತನ ಇರುವಂಥವು, ದೂರದ ಓಟಕ್ಕೆ ಮಾಡಿದವು. ಕಾನೂನಿನ ಪ್ರಕಾರ ಬರೋಲೊವನ್ನು ಕೊಯ್ಲಿನ ವರ್ಷದ ನವೆಂಬರ್ 1ರಿಂದ ಲೆಕ್ಕ ಹಾಕಿ 38 ತಿಂಗಳಾದರೂ ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ರಿಸೆರ್ವಾ ಎಂದು ಹಾಕಬೇಕಾದರೆ 62 ತಿಂಗಳು. 2019ರದ್ದು ಅಂಗಡಿಗೆ ಬಂದಿದ್ದೇ 2023ರಲ್ಲಿ. ಇಷ್ಟು ಕಾದರೂ ಸೆರ್ರಾಲುಂಗಾದ ವೈನ್ ಇನ್ನೂ ಎಳೆಯದು. ನಿಮ್ಮ ಸಹೋದ್ಯೋಗಿ ಕೊಟ್ಟದ್ದು ನಿಜವಾಗಿ ದೊಡ್ಡ ಉಡುಗೊರೆ. ಇಟ್ಟು ಕುಡಿಯಲಿ ಅಂತಲೇ ಎರಡು ಕೊಟ್ಟಿದ್ದಾರೆ ಅನಿಸುತ್ತದೆ.

ಜುಲೈನ ಶನಿವಾರದ ಊಟಕ್ಕೆ ಬರೋಣ. ಬೇಸರ ಮಾಡಿಕೊಳ್ಳಬೇಡಿ, ಇದು ಯಾರಿಗಾದರೂ ಆಗುವಂಥದ್ದು. ಟ್ಯುರಿನ್‌ನ ಜುಲೈನಲ್ಲಿ ಅಡುಗೆಮನೆ 28 ಡಿಗ್ರಿಯಾದರೂ ಇರುತ್ತದೆ. ಆ ಬಿಸಿಯಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಪರಿಮಳ ಅದರ ಹಿಂದೆ ಅಡಗುತ್ತದೆ. ಬರೋಲೊಗೆ 16ರಿಂದ 18 ಡಿಗ್ರಿ ಬೇಕು. ಬೇಸಿಗೆಯಲ್ಲಿ ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಡಿ. ಹಾಗಂತ ತೀರಾ ತಣ್ಣಗೆ ಮಾಡಬೇಡಿ, ತಣ್ಣಗಾದಷ್ಟೂ ಒಗರು ಹರಿತವಾಗುತ್ತದೆ. ಎರಡನೆಯದು, ತೆರೆದ ಕೂಡಲೇ ಬಗ್ಗಿಸಿದಿರಿ ಅಂತ ಕಾಣುತ್ತದೆ. ಎಳೆ ಬರೋಲೊಗೆ ಎರಡು ಮೂರು ಗಂಟೆ ಗಾಳಿ ಬೇಕು. ಅಗಲ ತಳದ ಜಗ್ಗಿಗೆ ಸುರಿದಿಟ್ಟರೂ ಆಯಿತು. ಬಾಟಲಿಯ ಬಿರಡೆ ತೆಗೆದು ಸುಮ್ನೆ ಇಟ್ಟರೆ ಸಾಲದು, ಅದರ ಕತ್ತು ಕಿರಿದು, ಗಾಳಿ ತಾಗುವುದಿಲ್ಲ. ಮೂರನೆಯದು ಮೆಣಸಿನಕಾಯಿ ಬಜ್ಜಿ. ಖಾರದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಏರುತ್ತದೆ. ಉರಿಯುವ ಬಾಯಿಗೆ ಒಗರು ಬಿದ್ದರೆ ಉಪ್ಪುಕಾಗದ ಉಜ್ಜಿದ ಹಾಗೆ. ಬಜ್ಜಿಗೂ ಅನ್ಯಾಯ, ವೈನಿಗೂ ಅನ್ಯಾಯ.

ನಾನು ಮೊದಲ ಸಲ ಲಾ ಮೊರ್ರಾದ ಒಂದು ಮನೆಗೆ ಕೊಯ್ಲಿಗೆ ಹೋದಾಗ ನನಗೂ ಬರೋಲೊ ಅರ್ಥವಾಗಿರಲಿಲ್ಲ. ವಾರವಿಡೀ ಮಧ್ಯಾಹ್ನದ ಊಟಕ್ಕೆ ದೋಲ್ಚೆತ್ತೊ ಕೊಡುತ್ತಿದ್ದರು. ಅದು ಮೆದು, ಹುಳಿ ಕಡಿಮೆ, ದಿನಬಳಕೆಯ ವೈನ್. ಭಾನುವಾರ ಮಾತ್ರ ಬರೋಲೊ. ಆ ಮನೆಯ ಅಜ್ಜಿ ಬೆಳಗ್ಗೆಯೇ ಬಾಟಲಿ ತೆರೆದು ಒಂದು ಜಗ್ಗಿಗೆ ಸುರಿದು, ಮೇಲೆ ತೆಳು ಬಟ್ಟೆ ಮುಚ್ಚಿ, ಒಲೆಯಿಂದ ದೂರದ ಕಿಟಕಿಯ ಹತ್ತಿರ ಇಡುತ್ತಿದ್ದರು. ಆಮೇಲೆ ಚರ್ಚಿಗೆ ಹೋಗಿ ಬರುತ್ತಿದ್ದರು. ಊಟಕ್ಕೆ ಮೊದಲು ಯಾರಿಗೂ ಕೊಡುತ್ತಿರಲಿಲ್ಲ. ಮೊದಲು ಪಾಸ್ತಾ ತಟ್ಟೆಗೆ ಬೀಳಬೇಕು, ಎರಡು ತುತ್ತು ಹೊಟ್ಟೆಗೆ ಹೋಗಬೇಕು, ಆಮೇಲೆ ಗ್ಲಾಸಿಗೆ ಮೂರು ಬೆರಳಷ್ಟು. ಆ ಭಾನುವಾರ ಮೊದಲ ಗುಟುಕಿಗೆ ನಾನು ಮುಖ ಕಿವುಚಿದೆ. ಬೆಣ್ಣೆ ಹಚ್ಚಿದ ಪಾಸ್ತಾ ತಿಂದು ಮತ್ತೆ ಕುಡಿದಾಗ ಒಸಡು ಹಿಡಿದದ್ದು ಬಿಟ್ಟಿತು. ಆ ಬಿಟ್ಟ ಜಾಗದಲ್ಲಿ ಒಣಗಿದ ಗುಲಾಬಿಯ ವಾಸನೆ ಮೂಗಿನ ಹಿಂದಿನಿಂದ ಏರಿ ಬಂತು. ಊರಲ್ಲಿ ನನ್ನ ಅಜ್ಜಿ ಮನೆಯ ಗುಲ್ಕಂದ್ ಭರಣಿಯ ಮುಚ್ಚಳ ತೆಗೆದ ಹಾಗೆ. ನನ್ನ ಈ ಕೆಲಸ ಶುರುವಾದದ್ದೇ ಆ ಗುಟುಕಿನಿಂದ.

ಪರಿಮಳದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬರೋಲೊ ಮೆಚ್ಚಲು ಕಾರಣ ಹೆಚ್ಚಾಗಿ ಅದೇ. ಪುಸ್ತಕದಲ್ಲೆಲ್ಲ ಗುಲಾಬಿ ಮತ್ತು ಡಾಂಬರು ಎಂದು ಬರೆಯುತ್ತಾರೆ. ಕೇಳಿದರೆ ವಿಚಿತ್ರ ಅನಿಸುತ್ತದೆ ಅಲ್ವಾ? ಆದರೆ ಮಳೆಗಾಲಕ್ಕೆ ಮುಂಚೆ ರಸ್ತೆಗೆ ಹೊಸ ಡಾಂಬರು ಹಾಕುವಾಗ ದೂರದಿಂದ ಬರುವ ಆ ಕಪ್ಪು, ಸಿಹಿಯಾದ ಘಾಟು ನೆನಪಿಸಿಕೊಳ್ಳಿ. ಹತ್ತಿರದ್ದಲ್ಲ, ನೂರು ಅಡಿ ದೂರದ್ದು. ಅದರ ಪಕ್ಕದಲ್ಲಿ ಒಣ ಗುಲಾಬಿ ದಳ ಇಡಿ. ಇನ್ನು ಕೆಲವು ಸಲ ಜೇಷ್ಠಮಧು, ಸೋಂಪು, ಒಣಗಿದ ಕಿತ್ತಳೆ ಸಿಪ್ಪೆ, ಹುಳಿ ಚೆರ್ರಿ. ಹತ್ತು ಹದಿನೈದು ವರ್ಷ ಕಳೆದ ಬಾಟಲಿಗಳಲ್ಲಿ ಹೊಸ ಚಪ್ಪಲಿಯ ಚರ್ಮ, ಹೊಗೆಸೊಪ್ಪು, ಮಳೆ ಬಿದ್ದ ಕಾಡಿನ ನೆಲ, ಅಣಬೆ. ಪಟ್ಟಿ ಹಿಡಿದುಕೊಂಡು ಇವನ್ನೆಲ್ಲ ಹುಡುಕಲು ಹೋಗಬೇಡಿ. ನಿಮ್ಮ ಮೂಗಿಗೆ ಏನು ನೆನಪಾಗುತ್ತದೋ ಅದನ್ನೇ ಹೇಳಿ. ಉಪ್ಪಿನಕಾಯಿ ಜಾಡಿ, ಪೂಜೆಯ ಮಾರನೇ ದಿನದ ಹೂವು, ಮಲೆನಾಡಿನ ಅಟ್ಟ, ಯಾವುದಾದರೂ ಸರಿ. ನಿಮ್ಮ ಹೆಂಡತಿಗೆ ಬೇರೆಯೇ ನೆನಪಾದರೆ ಇನ್ನೂ ಒಳ್ಳೆಯದು. ಇಬ್ಬರೂ ಹೇಳಿಕೊಳ್ಳುತ್ತಾ ಕುಡಿದರೆ ಒಂದು ಗ್ಲಾಸ್ ಮುಕ್ಕಾಲು ಗಂಟೆ ಬರುತ್ತದೆ, ಬರೋಲೊಗೆ ಬೇಕಾದ ವೇಗವೂ ಅದೇ. ಗ್ಲಾಸ್ ಮಾತ್ರ ದೊಡ್ಡ ಹೊಟ್ಟೆಯದ್ದು ಇರಲಿ, ಕಾಲು ಭಾಗಕ್ಕಿಂತ ಜಾಸ್ತಿ ತುಂಬಬೇಡಿ.

ನೀವು ಅಂಗಡಿಯಲ್ಲಿ ಆರಿಸುವಾಗ ಇನ್ನೊಂದು ವಿಷಯ ಗೊತ್ತಿರಬೇಕು. ಎಲ್ಲ ಬರೋಲೊ ಒಂದೇ ರೀತಿ ಮಾಡಿದ್ದಲ್ಲ. ಇದಕ್ಕೆ ಹಿಂದೆ ಒಂದು ಜಗಳದ ಕಥೆ ಇದೆ, ಅದೂ ನಿಮ್ಮ ಟ್ಯುರಿನ್‌ಗೆ ತಾಗುತ್ತದೆ. ಇವತ್ತು ಲಾಂಗೆಯ ಗುಡ್ಡಗಳನ್ನು ನೋಡಿದವರು ಅದು ಯಾವಾಗಲೂ ಸಿರಿವಂತ ಸೀಮೆ ಎಂದುಕೊಳ್ಳುತ್ತಾರೆ. ಹಾಗಿರಲಿಲ್ಲ. ಎರಡನೇ ಮಹಾಯುದ್ಧದ ನಂತರವೂ ಅದು ಬಡತನದ ನೆಲ. ಗಂಡಸರು ತೋಟ ಬಿಟ್ಟು ಟ್ಯುರಿನ್‌ನ ಫಿಯಟ್ ಕಾರ್ಖಾನೆಗೆ ಹೋದರು. ಬರೋಲೊ ಮಾರಾಟ ಆಗುತ್ತಿರಲಿಲ್ಲ, ಮಾರಾಟವಾದರೂ ಬೆಲೆ ಸಿಗುತ್ತಿರಲಿಲ್ಲ. ಹಳೆಯ ಕ್ರಮದಲ್ಲಿ ದ್ರಾಕ್ಷಿ ರಸವನ್ನು ಸಿಪ್ಪೆ, ಬೀಜದ ಜೊತೆ ಒಂದು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ನೆನೆಯಲು ಬಿಡುತ್ತಿದ್ದರು. ಆಮೇಲೆ ಬೊತ್ತಿ ಎನ್ನುವ, ಸಾವಿರಾರು ಲೀಟರ್ ಹಿಡಿಯುವ ಹಳೆಯ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ. ಅದು ಕುಡಿಯಲು ಹದವಾಗುವ ಹೊತ್ತಿಗೆ ಮಾಡಿದವನ ಮಗನಿಗೆ ಮದುವೆ ವಯಸ್ಸು.

ಲಾ ಮೊರ್ರಾದ ಯುವಕ ಎಲಿಯೊ ಅಲ್ತಾರೆ 1976ರಲ್ಲಿ ಫ್ರಾನ್ಸಿನ ಬರ್ಗಂಡಿಗೆ ಹೋಗಿ ಬಂದ. ಅಲ್ಲಿನ ರೈತರ ಸ್ಥಿತಿ ನೋಡಿ ಅವನ ಕಣ್ಣು ತೆರೆಯಿತು. 1983ರಲ್ಲಿ ಚೈನ್‌ಸಾ ಹಿಡಿದು ತಂದೆಯ ಹಳೆಯ ಬೊತ್ತಿಗಳನ್ನು ಕತ್ತರಿಸಿ ಹಾಕಿದ. ತಂದೆ ಅವನಿಗೆ ಆಸ್ತಿ ಕೊಡಲಿಲ್ಲ. ಅವನೂ ಅವನಂಥ ಕೆಲವರೂ ನೆನೆಸುವ ಕಾಲವನ್ನು ಕೆಲವೇ ದಿನಕ್ಕೆ ಇಳಿಸಿದರು, ಬರೀಕ್ ಎನ್ನುವ, 225 ಲೀಟರಿನ ಸಣ್ಣ ಹೊಸ ಫ್ರೆಂಚ್ ಪೀಪಾಯಿ ತಂದರು. ವೈನ್ ಬೇಗ ಮೆದುವಾಯಿತು, ಬಣ್ಣ ಗಟ್ಟಿಯಾಯಿತು, ಅಮೆರಿಕದಲ್ಲಿ ಮಾರಾಟವಾಯಿತು. ಬರೋಲೊ ಊರಿನ ಬರ್ತೊಲೊ ಮಸ್ಕರೆಲ್ಲೊ ಅಂಥವರು ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಸಣ್ಣ ಪೀಪಾಯಿ ಬೇಡ ಎಂದು ತಮ್ಮ ಲೇಬಲ್ ಮೇಲೆ ಕೈಯಿಂದಲೇ ಬರೆದರು. ಈಗ ಜಗಳ ತಣ್ಣಗಾಗಿದೆ. ಹೆಚ್ಚಿನವರು ನಡುವಿನ ದಾರಿಯಲ್ಲಿದ್ದಾರೆ, ದೊಡ್ಡ ಪೀಪಾಯಿಗಳು ಮರಳಿ ಬಂದಿವೆ. ಎರಡೂ ಕಡೆಯವರಿಗೆ ನಾವು ಋಣಿಗಳು. ಹೊಸಬರು ಇಲ್ಲದಿದ್ದರೆ ಆ ಊರುಗಳು ಖಾಲಿಯಾಗುತ್ತಿದ್ದವು. ಹಳಬರು ಇಲ್ಲದಿದ್ದರೆ ರುಚಿಯೇ ಕಳೆದುಹೋಗುತ್ತಿತ್ತು. ನನ್ನ ಒಲವು ದೊಡ್ಡ ಪೀಪಾಯಿಯ ಕಡೆಗೆ. ಹೊಸ ಮರದ ವೆನಿಲಾ ವಾಸನೆ ಗುಲಾಬಿಯನ್ನು ಮುಚ್ಚುತ್ತದೆ ಎನ್ನುವುದು ನನ್ನ ಅನುಭವ. ಅಂಗಡಿಯವರನ್ನು ಕೇಳಿ: ಬೊತ್ತಿಯದ್ದೋ, ಬರೀಕ್‌ದೋ? ಟ್ಯುರಿನ್‌ನ ಒಳ್ಳೆಯ ಎನೊತೇಕಾಗಳಲ್ಲಿ, ಅಂದರೆ ವೈನ್ ಅಂಗಡಿಗಳಲ್ಲಿ, ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಾರೆ.

ಈಗ ಕಲಿಯುವ ದಾರಿ. ಬರೋಲೊದಿಂದ ಶುರು ಮಾಡಬೇಡಿ. ಲಾಂಗೆ ನೆಬ್ಯೋಲೊ ಎಂದು ಲೇಬಲ್ ಇರುವ ವೈನ್ ತನ್ನಿ. ಅದೇ ದ್ರಾಕ್ಷಿ, ಅದೇ ಗುಡ್ಡಗಳು. ಬರೋಲೊ ಮಾಡುವವರೇ ಎಳೆಯ ಬಳ್ಳಿಗಳ ಹಣ್ಣಿನಿಂದ ಇದನ್ನು ಮಾಡುವುದುಂಟು. ನೆನೆಸುವುದು ಕಡಿಮೆ, ಮಾಗಿಸುವ ಕಾಲ ಕಡಿಮೆ, ಬೆಲೆ ಬರೋಲೊದ ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ. ಒಗರು ಇರುತ್ತದೆ, ಆದರೆ ಕೈ ಹಿಡಿದು ಕರೆದುಕೊಂಡು ಹೋಗುವಷ್ಟು. ಇದನ್ನು ಎರಡು ಮೂರು ತಿಂಗಳು, ವಾರಕ್ಕೊಂದು ಸಲ ಊಟದ ಜೊತೆ ಒಂದೊಂದು ಗ್ಲಾಸ್ ಕುಡಿಯಿರಿ. ಆಮೇಲೆ ಬರ್ಬರೆಸ್ಕೊ. ಆಲ್ಬಾದ ಇನ್ನೊಂದು ಬದಿಯಲ್ಲಿರುವ ಊರು, ಅದೂ ಪೂರ್ತಿ ನೆಬ್ಯೋಲೊ, ಆದರೆ 26 ತಿಂಗಳಿಗೇ ಹೊರಬರಬಹುದು. ಅಲ್ಲಿ 1958ರಲ್ಲಿ ಊರಿನ ಪಾದ್ರಿ ಸಣ್ಣ ರೈತರನ್ನು ಸೇರಿಸಿ ಕಟ್ಟಿದ ಸಹಕಾರ ಸಂಘವಿದೆ, ಪ್ರೊದುತ್ತೋರಿ ದೆಲ್ ಬರ್ಬರೆಸ್ಕೊ. ಅವರು ನೆಬ್ಯೋಲೊ ಬಿಟ್ಟು ಬೇರೇನೂ ಮಾಡುವುದಿಲ್ಲ, ದೊಡ್ಡ ಪೀಪಾಯಿಯಲ್ಲೇ ಮಾಡುತ್ತಾರೆ, ಬೆಲೆಯೂ ನ್ಯಾಯದ್ದು. ಕಲಿಯುವವರಿಗೆ ನಾನು ಯಾವಾಗಲೂ ಮೊದಲು ಹೇಳುವ ಹೆಸರು ಅದು. ಮೂರನೇ ಮೆಟ್ಟಿಲಿಗೆ ಲಾ ಮೊರ್ರಾ ಅಥವಾ ವೆರ್ದೂನೊ ಊರಿನ ಬರೋಲೊ. ಸೆರ್ರಾಲುಂಗಾ ಕೊನೆಗೆ.

ಮೂರನೇ ಮೆಟ್ಟಿಲಿಗೆ ಬಂದಾಗ ಒಂದು ಬಾಟಲಿಯನ್ನು ಮೂರು ರಾತ್ರಿ ಕುಡಿಯಿರಿ. ಮೊದಲ ರಾತ್ರಿ ಅರ್ಧ ಗ್ಲಾಸ್, ತೆರೆದ ಕೂಡಲೇ, ಏನೂ ತಿನ್ನದೆ. ಆಮೇಲೆ ಊಟದ ಜೊತೆ ಇನ್ನರ್ಧ. ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ, ಮರುದಿನ ಒಂದು ಗಂಟೆ ಮುಂಚೆ ಹೊರಗೆ ತೆಗೆಯಿರಿ. ಕೆಲವು ಕೆಂಪು ವೈನ್ ಮಾರನೇ ದಿನಕ್ಕೆ ಸಪ್ಪೆಯಾಗುತ್ತವೆ. ಒಳ್ಳೆಯ ಬರೋಲೊ ಎರಡನೇ ದಿನ ಅರಳುತ್ತದೆ, ಕೆಲವೊಮ್ಮೆ ಮೂರನೇ ದಿನ ಇನ್ನೂ ಚೆನ್ನಾಗಿರುತ್ತದೆ. ಸಮಯ ಏನು ಮಾಡುತ್ತದೆ ಎನ್ನುವುದು ಹತ್ತು ವರ್ಷ ಕಾಯದೆ ಕಾಣುವ ದಾರಿ ಇದೊಂದೇ. ಪೂರ್ತಿ ಅದೇ ಬದಲಾವಣೆಯಲ್ಲ, ಅದರ ನೆರಳು.

ಮಾಂಸ ಇಲ್ಲದೆ ಬರೋಲೊ ಹೇಗೆ ಎನ್ನುವ ನಿಮ್ಮ ಚಿಂತೆಗೆ ಪಿಯೆಮೊಂತೆಯ ಅಡುಗೆಯಲ್ಲೇ ಉತ್ತರ ಇದೆ. ತಾಯರಿನ್ ಎನ್ನುವ ತೆಳು ಪಾಸ್ತಾವನ್ನು ನೀರಿಲ್ಲದೆ, ಬರೀ ಮೊಟ್ಟೆಯ ಹಳದಿಯಿಂದ ಕಲಸುತ್ತಾರೆ. ಒಂದು ಕಿಲೋ ಹಿಟ್ಟಿಗೆ 30 ಹಳದಿಯವರೆಗೂ ಹಾಕುವುದುಂಟು. ಬೆಣ್ಣೆ, ಸೇಜ್ ಎಲೆಯಲ್ಲಿ ಹೊರಳಿಸಿದ ತಾಯರಿನ್ ಬರೋಲೊಗೆ ಹೇಳಿ ಮಾಡಿಸಿದ ಜೊತೆ. ಶರತ್ಕಾಲವಾದರೆ ಪೊರ್ಚೀನಿ ಅಣಬೆಯ ರಿಸೊತ್ತೊ. ಹಾಲು, ಹಳದಿ, ಫೊಂತೀನಾ ಚೀಸ್ ಕರಗಿಸಿದ ಫೊಂದೂತಾ. ಕಾಸ್ತೆಲ್‌ಮಾನ್ಯೊ ಚೀಸ್ ಹಾಕಿದ ನ್ಯೋಕ್ಕಿ. ಚಹಾ ಪ್ರಯೋಗದಲ್ಲಿ ನೋಡಿದಿರಲ್ಲ, ಪ್ರೋಟೀನ್ ಮತ್ತು ಕೊಬ್ಬು ಸಿಕ್ಕರೆ ಒಗರು ಕರಗುತ್ತದೆ. ಒಂದು ಮಾತು ಹೇಳಲೇಬೇಕು. ಇಟಲಿಯ ಬಹಳಷ್ಟು ಸಾಂಪ್ರದಾಯಿಕ ಚೀಸ್‌ಗಳಿಗೆ, ಪಾರ್ಮಿಜಾನೊ ಸೇರಿದಂತೆ, ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ನಿಮಗೆ ಅದು ಆಗದಿದ್ದರೆ ಕಾಲ್ಯೊ ವೆಜೆತಾಲೆ (ಸಸ್ಯಮೂಲದ ರೆನೆಟ್) ಎಂದು ಬರೆದಿರುವ ಚೀಸ್ ಹುಡುಕಿ. ಮನೆಯ ಅಡುಗೆಯಲ್ಲಾದರೆ ತುಪ್ಪದಲ್ಲಿ ಕಂದು ಬಣ್ಣಕ್ಕೆ ಹುರಿದ ಅಣಬೆ, ಉಪ್ಪು, ಚಿಟಿಕೆ ಕಾಳುಮೆಣಸು ಚೆನ್ನಾಗಿ ಹೊಂದುತ್ತದೆ. ಸಾರು, ಹುಳಿ, ಬಿಸಿಬೇಳೆಭಾತ್ ಜೊತೆ ಬೇಡ. ಹುಣಸೆಯ ಹುಳಿ, ಖಾರ ಎರಡೂ ಈ ವೈನಿಗೆ ಎದುರಾಳಿಗಳು.

ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಬನ್ನಿ. ಟ್ಯುರಿನ್‌ನಿಂದ ಆಲ್ಬಾಗೆ ಲೋಕಲ್ ರೈಲಿದೆ. ಆ ತಿಂಗಳುಗಳಲ್ಲಿ ಆಲ್ಬಾದಲ್ಲಿ ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆಯ ಮೇಳ ನಡೆಯುತ್ತದೆ, ಊರೆಲ್ಲ ಅದರ ವಾಸನೆ. ಬರೋಲೊ ಊರಿನ ಕೋಟೆಯಲ್ಲಿ ವೈನಿನ ಮ್ಯೂಸಿಯಂ ಇದೆ, ಅದೇ ಕಟ್ಟಡದ ಎನೊತೇಕಾದಲ್ಲಿ ಬೇರೆ ಬೇರೆ ಊರಿನ ಬರೋಲೊವನ್ನು ಸಣ್ಣ ಅಳತೆಯಲ್ಲಿ ರುಚಿ ನೋಡಬಹುದು. ಲಾ ಮೊರ್ರಾ ಮತ್ತು ಸೆರ್ರಾಲುಂಗಾದ್ದನ್ನು ಅಕ್ಕಪಕ್ಕ ಕೇಳಿ. ನಾನು ಇಲ್ಲಿ ನಾಲ್ಕು ಪ್ಯಾರಾ ಬರೆದದ್ದು ಎರಡು ಗುಟುಕಿನಲ್ಲಿ ತಿಳಿಯುತ್ತದೆ. ಆಮೇಲೆ ಲಾ ಮೊರ್ರಾದ ತುದಿಗೆ ಹೋಗಿ ನಿಂತು ಪೂರ್ವಕ್ಕೆ ನೋಡಿ. ಎದುರಿನ ಉದ್ದನೆಯ ದಿಬ್ಬ, ಅದರ ಮೇಲೆ ಎತ್ತರದ ಕಲ್ಲಿನ ಕೋಟೆ, ಅದೇ ಸೆರ್ರಾಲುಂಗಾ. ನಿಮ್ಮ ಬಾಟಲಿಯ ಮನೆ. ಅಷ್ಟು ದೂರ ಹೋಗಲು ಆಗದಿದ್ದರೆ ಟ್ಯುರಿನ್‌ನಲ್ಲೇ ಇರುವ ಪಲಾತ್ಸೊ ಬರೋಲೊ ಎಂಬ ಅರಮನೆಗೆ ಹೋಗಿ. ಬರೋಲೊದ ಒಡೆಯರ ಮನೆಗೆ ಫ್ರಾನ್ಸಿನಿಂದ ಸೊಸೆಯಾಗಿ ಬಂದ ಜೂಲಿಯಾ ಕೊಲ್ಬೆರ್ ಅಲ್ಲಿದ್ದರು. 19ನೇ ಶತಮಾನದಲ್ಲಿ, ಸಿಹಿ ಉಳಿಯುತ್ತಿದ್ದ ಹಳೆಯ ನೆಬ್ಯೋಲೊ ಇಂದಿನ ಒಣ ಬರೋಲೊ ಆದದ್ದರಲ್ಲಿ ಅವರ ಪಾಲು ಎಷ್ಟು ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ಟ್ಯುರಿನ್‌ನ ಜೈಲಿನಲ್ಲಿದ್ದ ಹೆಂಗಸರಿಗಾಗಿ ಅವರು ಮಾಡಿದ ಕೆಲಸದ ಬಗ್ಗೆ ಮಾತ್ರ ಯಾರದ್ದೂ ವಾದ ಇಲ್ಲ.

ಕೊನೆಗೆ ನಿಮ್ಮ ಎರಡನೇ ಬಾಟಲಿ. ಅದನ್ನು ಈಗ ಮುಟ್ಟಬೇಡಿ. ನಿಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬಾಡಿಗೆಯ ಜೊತೆಗೇ ಬಂದ ಒಂದು ಕಾಂತೀನಾ (ಸಾಮಾನಿಡುವ ಕೋಣೆ) ಇರಬಹುದು, ಮನೆ ಮಾಲೀಕರನ್ನು ಕೇಳಿ. ಟ್ಯುರಿನ್‌ನ ಹಳೆಯ ಕಟ್ಟಡಗಳಲ್ಲಿ ಹೆಚ್ಚಾಗಿ ಇರುತ್ತದೆ. ಕತ್ತಲು, ತಂಪು, ಅಲ್ಲಾಡದ ಜಾಗ. ಬಿರಡೆ ಒಣಗದ ಹಾಗೆ ಬಾಟಲಿಯನ್ನು ಅಡ್ಡ ಮಲಗಿಸಿಡಿ. 2030 ದಾಟಲಿ, ಸಾಧ್ಯವಾದರೆ ಇನ್ನೂ ನಾಲ್ಕೈದು ವರ್ಷ. ಅದಕ್ಕಿಂತ ಮುಂಚೆ ನೀವು ಬೆಂಗಳೂರಿಗೆ ವಾಪಸಾಗುವುದಾದರೆ ಹೊರಡುವ ಮುಂಚೆ ಅಲ್ಲೇ ಕುಡಿದುಬಿಡಿ. ಪ್ರಯಾಣದ ಬಿಸಿ, ಆಮೇಲೆ ಬೇಸಿಗೆಯಲ್ಲಿ ಬಿಸಿಯೇರುವ ಕಪಾಟು, ಇವು ಅದನ್ನು ಕೊಂದುಹಾಕುತ್ತವೆ.

ತೆರೆಯುವ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಆ ಹೊತ್ತಿಗೆ ತಳದಲ್ಲಿ ಗಸಿ ಕೂತಿರುತ್ತದೆ. ಮರುದಿನ, ಊಟಕ್ಕೆ ಒಂದು ಗಂಟೆ ಮುಂಚೆ, ದೀಪದ ಮುಂದೆ ಹಿಡಿದು ಒಂದೇ ಸಮನೆ ನಿಧಾನವಾಗಿ ಜಗ್ಗಿಗೆ ಸುರಿಯಿರಿ. ಕತ್ತಿನ ಹತ್ತಿರ ಗಸಿ ಕಂಡ ಕೂಡಲೇ ನಿಲ್ಲಿಸಿ. ವರ್ಷಗಳು ಕಳೆದ ಹಾಗೆ ಟ್ಯಾನಿನ್ ಒಂದಕ್ಕೊಂದು, ಬಣ್ಣದ ಜೊತೆಗೂ ಹೆಣೆದುಕೊಂಡು ಭಾರವಾಗಿ ತಳ ಸೇರುತ್ತದೆ. ಜುಲೈನಲ್ಲಿ ನಿಮ್ಮ ಒಸಡಿಗೆ ಹತ್ತಿದ ಒಗರಿನ ಒಂದು ಪಾಲು ಆ ಗಸಿಯಲ್ಲಿರುತ್ತದೆ. ಅವತ್ತು ಬಾಟಲಿ ಕೊಟ್ಟ ಸಹೋದ್ಯೋಗಿಯನ್ನೂ ಊಟಕ್ಕೆ ಕರೆಯಿರಿ. ಬಜ್ಜಿಯನ್ನು ಅವರಿಗೆ ಬೇರೆ ದಿನ ಮಾಡಿ ಕೊಡಿ, ತಣ್ಣನೆಯ ಮೊಸ್ಕಾತೊ ದಾಸ್ತಿ ಜೊತೆ. ಅದೂ ಅದೇ ಗುಡ್ಡಗಳ ಸೀಮೆಯದು, ಸಿಹಿ, ಗುಳ್ಳೆ ಗುಳ್ಳೆ, ಆಲ್ಕೋಹಾಲ್ ಕಡಿಮೆ, ಖಾರಕ್ಕೆ ಚೆನ್ನಾಗಿ ಹೊಂದುತ್ತದೆ.